ಹಿತ್ತಲಲ್ಲಿ ಯಾವ ಗಿಡ ಹಾಕೋಣ?

ಮುಂಗಾರು ಬಂತು ಅಂದ್ರೆ ಗಿಡ ನೆಡುವ ಆಸೆ ಎಲ್ಲರಿಗೂ ಬರುತ್ತದೆ. ಯಾರೋ ಒಂದು ಕಡ್ಡಿ ಕೊಡ್ತಾರೆ. ಸಂತೆಯಲ್ಲಿ ಒಂದು ಸಸಿ ಕಣ್ಣಿಗೆ ಬೀಳುತ್ತದೆ. ತಂದು ಸಿಕ್ಕ ಜಾಗದಲ್ಲಿ ಊರಿದ್ದಾಯಿತು. ಬೇಸಿಗೆ ಹೊತ್ತಿಗೆ ಅರ್ಧ ಗಿಡ ಒಣಗಿರುತ್ತದೆ. ಅದಕ್ಕೇ ಗಿಡ ತರುವ ಮೊದಲು ನಮ್ಮ ಹಿತ್ತಲನ್ನು ಒಮ್ಮೆ ಸರಿಯಾಗಿ ನೋಡೋಣ. ನೀರು ಎಲ್ಲಿ ಹರಿಯುತ್ತದೆ? ಬಿಸಿಲು ಎಲ್ಲಿ ಬೀಳುತ್ತದೆ? ನಮ್ಮ ಊಟದ ತಟ್ಟೆಯಲ್ಲಿ ಏನು ಕಡಿಮೆ ಇದೆ?

ಮೊದಲು ನೀರಿನ ಮಾತು. ‘ಕುಡಿಯೋಕೇ ನೀರಿಲ್ಲ, ಗಿಡಕ್ಕೆಲ್ಲಿ ತರೋಣ?’ ಅಂತ ಕೇಳ್ತೀರಿ. ದಿನಾ ಬಚ್ಚಲಿಂದ ಹರಿದು ಹೋಗುವ ನೀರು ಇದೆಯಲ್ಲ? ಒಬ್ಬರ ಸ್ನಾನಕ್ಕೆ ಒಂದು ಬಕೆಟ್ ಅಂದರೂ, ಐದು ಜನರ ಮನೆಯಲ್ಲಿ ಐದು ಬಕೆಟ್. ಬೀದಿಗೆ ಬಿಟ್ಟರೆ ಕೊಚ್ಚೆ, ಸೊಳ್ಳೆ. ಹಿತ್ತಲಿಗೆ ತಿರುಗಿಸಿದರೆ ಬಾಳೆಗೊನೆ. ಬಚ್ಚಲ ನೀರು ಹೋಗುವ ಕಡೆ ಬಾಳೆ ಹಾಕಿ, ಕೆಸು ಹಾಕಿ. ಅವು ತೇವ ಬಯಸುವ ಗಿಡಗಳು. ಪಪ್ಪಾಯಿಯನ್ನು ಅಲ್ಲಿ ಹಾಕಬೇಡಿ. ಬುಡದಲ್ಲಿ ನೀರು ನಿಂತರೆ ಅದರ ಬೇರು ಕೊಳೆಯುತ್ತದೆ. ನುಗ್ಗೆಯೂ ಹಾಗೇ. ಬಟ್ಟೆ ಒಗೆದ ಸೋಪಿನಪುಡಿಯ ನೀರು ಯಾವ ಗಿಡಕ್ಕೂ ಬೇಡ. ಅದರ ಸೋಡಾ ಮಣ್ಣಲ್ಲಿ ಸೇರಿ ನೆಲ ಕೆಡುತ್ತದೆ. ಸೊಪ್ಪಿನ ಮಡಿಗೆ ಅಕ್ಕಿ ತೊಳೆದ ನೀರು, ತರಕಾರಿ ತೊಳೆದ ನೀರು ಹಾಕಿ. ಸ್ನಾನದ ನೀರನ್ನು ಸೊಪ್ಪಿನ ಎಲೆ ಮೇಲೆ ಎರಚಬಾರದು.

ಇನ್ನು ಬಿಸಿಲು. ಚಳಿಗಾಲದಲ್ಲಿ ಸೂರ್ಯ ದಕ್ಷಿಣದ ಕಡೆ ಸರಿಯುತ್ತಾನೆ. ಆಗ ಗಿಡಗಳ ನೆರಳು ಉತ್ತರಕ್ಕೆ ಬೀಳುತ್ತದೆ. ಆದ್ದರಿಂದ ನುಗ್ಗೆ, ಕರಿಬೇವಿನಂಥ ಎತ್ತರದ ಗಿಡ ಹಿತ್ತಲಿನ ಉತ್ತರದ ಅಂಚಿನಲ್ಲಿರಲಿ. ಸೊಪ್ಪು, ಬದನೆ, ಮೆಣಸಿನಗಿಡ ಅದರ ದಕ್ಷಿಣಕ್ಕೆ, ಬಿಸಿಲಲ್ಲಿ. ಹೀರೆ, ಸೋರೆ, ಅವರೆ ಬಳ್ಳಿಗೆ ಬೇರೆ ಜಾಗವೇ ಬೇಡ. ಬೇಲಿ ಇದ್ದರೆ ಬೇಲಿಗೆ, ದನದ ಕೊಟ್ಟಿಗೆ ಇದ್ದರೆ ಅದರ ಸೂರಿಗೆ ಹಬ್ಬಿಸಿ.

‘ಮನೆ ಹತ್ತಿರ ನುಗ್ಗೆ ಇರಬಾರದು ಅಂತಾರಲ್ಲ?’ ಎಂದು ಕೆಲವು ಅಕ್ಕಂದಿರು ಕೇಳಿದರು. ನುಗ್ಗೆ ಕೊಂಬೆ ಬಹಳ ಮೆದು. ಮಕ್ಕಳು ಹತ್ತಿದರೆ ಮುರಿದು ಬೀಳ್ತಾರೆ. ಮಳೆಗಾಲದಲ್ಲಿ ಕಂಬಳಿಹುಳು ಬೇರೆ. ಹಿರಿಯರು ಬೇಡ ಅಂದದ್ದು ಇದಕ್ಕೇ ಇರಬೇಕು ಅನ್ನಿಸುತ್ತದೆ. ಮನೆಯಿಂದ ನಾಲ್ಕು ಮಾರು ದೂರ ಹಾಕಿ. ಗಿಡ ಮೂರು ಅಡಿ ಆದಾಗ ತುದಿ ಚಿವುಟಿ. ಆಗ ಅಡ್ಡ ಕೊಂಬೆ ಒಡೆದು, ಸೊಪ್ಪು ಕೈಗೆ ಎಟುಕುತ್ತದೆ. ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯದ ‘ಭಾಗ್ಯ’ ಎಂಬ ತಳಿ ಬೀಜ ಹಾಕಿದ ವರ್ಷದೊಳಗೇ ಕಾಯಿ ಬಿಡುತ್ತದೆ.

ಪಪ್ಪಾಯಿಯಲ್ಲಿ ಗಂಡು ಗಿಡ, ಹೆಣ್ಣು ಗಿಡ ಬೇರೆ ಬೇರೆ. ಒಂದೇ ಸಸಿ ಹಾಕಿ, ಅದು ಗಂಡಾದರೆ ವರ್ಷವೆಲ್ಲ ನೀರು ಹೊತ್ತದ್ದು ದಂಡ. ಒಂದು ಗುಂಡಿಗೆ ಮೂರು ಸಸಿ ನೆಡಿ. ಹೂವು ಉದ್ದ ತೊಟ್ಟಿನಲ್ಲಿ ಗೊಂಚಲಾಗಿ ಜೋತು ಬಿದ್ದರೆ ಅದು ಗಂಡು. ಕಾಂಡಕ್ಕೆ ಅಂಟಿದ ಹಾಗೆ ದಪ್ಪ ಹೂ ಬಿಟ್ಟರೆ ಹೆಣ್ಣು. ಹೆಣ್ಣು ಗಿಡ ಉಳಿಸಿ, ಗಂಡು ಗಿಡ ಕಿತ್ತುಹಾಕಿ. ಹತ್ತು ಹೆಣ್ಣು ಗಿಡಕ್ಕೆ ಒಂದು ಗಂಡು ಗಿಡ ಸಾಕು. ಅದು ಪಕ್ಕದ ಹಿತ್ತಲಲ್ಲಿದ್ದರೂ ನಡೆಯುತ್ತದೆ. ಈ ಪಾಠ ಹೇಳುವಾಗ ಕೇಂದ್ರದಲ್ಲಿ ಬಿದ್ದ ನಗು ಇನ್ನೂ ನೆನಪಿದೆ!

ಈಗ ತಟ್ಟೆಯ ಮಾತು. 2019–21ರಲ್ಲಿ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನಡೆಯಿತು. ಕರ್ನಾಟಕದಲ್ಲಿ 15ರಿಂದ 49 ವರ್ಷದ 100 ಹೆಂಗಸರಲ್ಲಿ ಸುಮಾರು 48 ಜನಕ್ಕೆ ರಕ್ತಹೀನತೆ ಇತ್ತು. ಹತ್ತು ಹೆಜ್ಜೆ ನಡೆದರೆ ಏದುಸಿರು. ಕಣ್ಣು ಕತ್ತಲೆ. ಹೆರಿಗೆಯಲ್ಲಿ ಇದರಿಂದ ಜೀವಕ್ಕೇ ಅಪಾಯ. ನಮ್ಮ ಮನೆಗಳಲ್ಲಿ ಎಲ್ಲರಿಗೂ ಬಡಿಸಿ, ತಳದಲ್ಲಿ ಉಳಿದ ಸಾರು ತಾನೇ ನಮ್ಮ ಪಾಲು? ಹರಿವೆ, ದಂಟು, ನುಗ್ಗೆಸೊಪ್ಪಿನಲ್ಲಿ ಕಬ್ಬಿಣದ ಅಂಶವಿದೆ. ಆದರೆ ಸೊಪ್ಪಿನ ಕಬ್ಬಿಣ ಮೈಗೆ ಸುಲಭವಾಗಿ ಹಿಡಿಯುವುದಿಲ್ಲ. ಜೊತೆಗೆ ನಿಂಬೆಹುಳಿ ಹಿಂಡಿಕೊಂಡರೆ ಹೆಚ್ಚು ಹಿಡಿಯುತ್ತದೆ. ಊಟದ ಜೊತೆ ಟೀ ಕುಡಿದರೆ ಕಡಿಮೆಯಾಗುತ್ತದೆ. ಹಾಗಾಗಿ ಸೊಪ್ಪಿನ ಮಡಿ ಇರುವ ಹಿತ್ತಲಲ್ಲಿ ಒಂದು ನಿಂಬೆಗಿಡವೂ ಇರಲಿ. ಸೊಪ್ಪು ತಿಂತೀವಿ ಅಂತ ಆಶಾ ಕಾರ್ಯಕರ್ತೆ ಕೊಟ್ಟ ಕಬ್ಬಿಣದ ಮಾತ್ರೆ ಬಿಡಬೇಡಿ. ಎರಡೂ ಬೇಕು. ಮಾತ್ರೆಯಿಂದ ಮಲ ಕಪ್ಪಾದರೆ ಹೆದರಬೇಕಾಗಿಲ್ಲ.

ಹರಿವೆ ಬೀಜ ಸಾಸಿವೆಗಿಂತ ಸಣ್ಣದು. ಮರಳಿನ ಜೊತೆ ಬೆರೆಸಿ ಎರಚಿದರೆ ಒಂದೇ ಕಡೆ ಬೀಳುವುದಿಲ್ಲ. ತಿಂಗಳಿಗೆ ಕೊಯ್ಲು. ಹದಿನೈದು ದಿನಕ್ಕೊಂದು ಸಣ್ಣ ಮಡಿ ಬಿತ್ತುತ್ತಾ ಹೋದರೆ ಮನೆಯಲ್ಲಿ ಸೊಪ್ಪು ತಪ್ಪುವುದಿಲ್ಲ. ಬಿತ್ತಿದ ತಾರೀಕನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ಈಗ ಬರೆಯೋಕೆ ಬರುತ್ತಲ್ಲ!

ಎಲ್ಲರಿಗೂ ಹಿತ್ತಲು ಎಲ್ಲಿದೆ? ಒಂದಕ್ಕೊಂದು ಅಂಟಿದ ಕಾಲೋನಿ ಮನೆಗಳಲ್ಲಿ ಕಾಲಿಡಲೂ ಜಾಗವಿಲ್ಲ. ಅಂಥ ಕಡೆ ಅಕ್ಕಿ ಚೀಲಕ್ಕೆ ಮಣ್ಣು, ಹಳೇ ಗೊಬ್ಬರ ತುಂಬಿ ಬಾಗಿಲ ಪಕ್ಕ ಇಡಿ. ಒಂದು ಬಸಳೆ ಕಡ್ಡಿ ಊರಿ, ಹಗ್ಗ ಕಟ್ಟಿ ಸೂರಿಗೆ ಹತ್ತಿಸಿ. ಒಡೆದ ಬಕೆಟ್ಟಿನಲ್ಲಿ ದೊಡ್ಡಪತ್ರೆ, ಮೆಣಸಿನಗಿಡ ಚೆನ್ನಾಗಿ ಬರುತ್ತವೆ. ಔಷಧಿ ಹೊಡೆದು ಬಿಸಾಡಿದ ಡಬ್ಬ ಮಾತ್ರ ಬೇಡವೇ ಬೇಡ. ಎಷ್ಟು ತೊಳೆದರೂ ಅದರ ವಿಷ ಪೂರ್ತಿ ಹೋಗುವುದಿಲ್ಲ.

ವಿಷ ಅಂದಾಗ ಇನ್ನೊಂದು ಮಾತು. ಕಣಗಿಲೆ ಹೂವು ದೇವರಿಗೆ ಬೇಕು, ಸರಿ. ಆದರೆ ಆ ಗಿಡದ ಎಲೆ, ಹೂವು, ಕಡ್ಡಿ ಎಲ್ಲವೂ ವಿಷ. ಹರಳು ಬೀಜ, ದತ್ತೂರಿ ಕಾಯಿಯೂ ಹಾಗೇ. ಮಕ್ಕಳು ಆಡುವ ಅಂಗಳದಲ್ಲಿ ಇವು ಬೇಡ. ಮಗು ಬಾಯಿಗೆ ಹಾಕಿಕೊಂಡರೆ ಮನೆಮದ್ದು ಮಾಡುತ್ತಾ ಕೂರಬೇಡಿ. ಗಿಡದ ತುಂಡನ್ನೂ ಹಿಡಿದುಕೊಂಡು ತಕ್ಷಣ ಆಸ್ಪತ್ರೆಗೆ ಓಡಿ.

ಗಿಡಕ್ಕೆ ಹುಳು ಬಿದ್ದರೆ ಅಂಗಡಿ ಔಷಧಿ ಬೇಕಿಲ್ಲ. ಬೇವಿನ ಬೀಜದ ತಿರುಳು 50 ಗ್ರಾಂ ಕುಟ್ಟಿ, 1 ಲೀಟರ್ ನೀರಿನಲ್ಲಿ ರಾತ್ರಿ ನೆನೆಹಾಕಿ. ಮಾರನೇ ದಿನ ಸೋಸಿ, ಚೂರು ಸೋಪು ಕರಗಿಸಿ, ಸಂಜೆ ಹೊತ್ತು ಚಿಮುಕಿಸಿ. ಬಹಳ ಕಹಿ, ಆದ್ದರಿಂದ ಸೊಪ್ಪನ್ನು ಚೆನ್ನಾಗಿ ತೊಳೆದು ಅಡುಗೆ ಮಾಡಿ.

ಮಾಡಿ ನೋಡೋಣ
ಸ್ಲೇಟಿನಲ್ಲಿ ನಿಮ್ಮ ಮನೆಯನ್ನು ಒಂದು ಚೌಕವಾಗಿ ಬರೆಯಿರಿ. ಬಚ್ಚಲು ಎಲ್ಲಿದೆ, ಗುರುತು ಮಾಡಿ. ಸೂರ್ಯ ಹುಟ್ಟುವ ಕಡೆ ‘ಪೂರ್ವ’ ಎಂದು ಬರೆಯಿರಿ. ಬಾಳೆ, ನುಗ್ಗೆ, ನಿಂಬೆ, ಹರಿವೆ – ಈ ನಾಲ್ಕು ಹೆಸರನ್ನು ಅವುಗಳ ಜಾಗದಲ್ಲಿ ಬರೆದು, ಪಕ್ಕದವರಿಗೆ ಓದಿ ಹೇಳಿ.