ಸಕ್ಕರೆಯ ಕವಚ ತೊಟ್ಟ ವೈರಿ

ನ್ಯುಮೋನಿಯಾ ಎಂಬ ಹೆಸರನ್ನು ಕೇಳದವರು ವಿರಳ. ಈ ರೋಗವನ್ನು ತರುವ ಸೂಕ್ಷ್ಮಾಣುಗಳಲ್ಲಿ ಪ್ರಮುಖವಾದುದು ನ್ಯುಮೋಕಾಕಸ್. ಆರೋಗ್ಯವಂತರ ಮೂಗು ಗಂಟಲುಗಳಲ್ಲಿಯೂ ಇದು ಸದ್ದಿಲ್ಲದೆ ನೆಲೆಸಿರಬಲ್ಲದು. ಅವಕಾಶ ದೊರೆತಾಗ ಶ್ವಾಸಕೋಶವನ್ನೂ ರಕ್ತವನ್ನೂ ಮಿದುಳಿನ ಪೊರೆಯನ್ನೂ ಆಕ್ರಮಿಸುತ್ತದೆ. ನಮ್ಮ ಬಿಳಿಯ ರಕ್ತಕಣಗಳು ಇದನ್ನೇಕೆ ಸುಲಭವಾಗಿ ನುಂಗಲಾರವು? ಅದು ತೊಟ್ಟಿರುವ ಕವಚವೇ ಇದಕ್ಕೆ ಮುಖ್ಯ ಕಾರಣ.

ಸಕ್ಕರೆಯ ಅಣುಗಳ ನೀಳವಾದ ಸರಪಳಿಗಳಿಂದಾದ ಈ ಕವಚವನ್ನು ಕಟ್ಟುವವು ಕಿಣ್ವಗಳು. ಮೂರನೆಯ ಮಾದರಿಯ ನ್ಯುಮೋಕಾಕಸ್‌ನಲ್ಲಿ ಒಂದು ಕಿಣ್ವವು ಗ್ಲೂಕೋಸಿನ ಒಂದು ಪಾಲನ್ನು ಗ್ಲೂಕ್ಯುರಾನಿಕ್ ಆಮ್ಲದ ರೂಪಕ್ಕೆ ತರುತ್ತದೆ. ಇನ್ನೊಂದು ಕಿಣ್ವವು ಇವೆರಡನ್ನೂ ಒಂದು ಬಿಟ್ಟು ಒಂದರಂತೆ, ಹೂಮಾಲೆ ಕಟ್ಟುವ ಹಾಗೆ ಪೋಣಿಸುತ್ತದೆ. ಇವುಗಳಲ್ಲಿ ಒಂದು ಕೆಟ್ಟರೂ ಕವಚವಿಲ್ಲ. ಕವಚವಿಲ್ಲದ ಸೂಕ್ಷ್ಮಾಣು ಬಹುಮಟ್ಟಿಗೆ ನಿರುಪದ್ರವಿ.

1928ರಲ್ಲಿ ಇಂಗ್ಲೆಂಡಿನ ಫ್ರೆಡರಿಕ್ ಗ್ರಿಫಿತ್ ಅವರು, ಕವಚವಿಲ್ಲದ ಜೀವಂತ ಸೂಕ್ಷ್ಮಾಣುಗಳನ್ನು, ಕಾಯಿಸಿ ಕೊಂದ ಕವಚಧಾರಿಗಳೊಡನೆ ಬೆರೆಸಿ ಇಲಿಗಳಿಗೆ ಚುಚ್ಚಿದರು. ಇಲಿಗಳು ಸತ್ತವು, ಅವುಗಳ ರಕ್ತದಲ್ಲಿ ಜೀವಂತ ಕವಚಧಾರಿಗಳೇ ಕಂಡುಬಂದವು! ಸತ್ತವುಗಳಿಂದ ಬದುಕಿದವುಗಳಿಗೆ ದಾಟಿದ ವಸ್ತು ಡಿ.ಎನ್.ಎ. ಎಂಬುದನ್ನು 1944ರಲ್ಲಿ ನ್ಯೂಯಾರ್ಕಿನ ಏವರಿ, ಮ್ಯಾಕ್ಲಿಯಡ್, ಮೆಕಾರ್ಟಿ ತೋರಿಸಿಕೊಟ್ಟರು. ಕವಚ ಕಟ್ಟುವ ಕಿಣ್ವಗಳ ವಿವರವೇ ಆ ಡಿ.ಎನ್.ಎ.ಯಲ್ಲಿ ಅಡಗಿತ್ತೆಂದು ಇಂದು ನಾವು ಬಲ್ಲೆವು. ಹೀಗೆ ಆನುವಂಶಿಕತೆಯ ಗುಟ್ಟು ಒಂದು ರೋಗಾಣುವಿನ ಅಂಗಿಯಿಂದ ಹೊರಬಿದ್ದಿತು.

ವೈರಿಯ ಕವಚವೇ ನಮಗೆ ಅಸ್ತ್ರವೂ ಆಗಿದೆ. ಕವಚದ ಸಕ್ಕರೆಯನ್ನು ಲಸಿಕೆಯಾಗಿ ನೀಡಿದರೆ ದೇಹವು ಅದನ್ನು ಗುರುತಿಸುವ ಪ್ರತಿಕಾಯಗಳನ್ನು ಸಿದ್ಧಪಡಿಸುತ್ತದೆ. ಆದರೆ ಎರಡು ವರ್ಷದೊಳಗಿನ ಶಿಶುಗಳ ದೇಹ ಬರಿಯ ಸಕ್ಕರೆಗೆ ಸರಿಯಾಗಿ ಸ್ಪಂದಿಸದು. ಆದ್ದರಿಂದ ಅವರ ಲಸಿಕೆಯಲ್ಲಿ ಸಕ್ಕರೆಯನ್ನು ಒಂದು ಪ್ರೋಟೀನಿಗೆ ಜೋಡಿಸಿರುತ್ತಾರೆ. ಭಾರತ ಸರ್ಕಾರವು 2017ರಲ್ಲಿ ಕೆಲವು ರಾಜ್ಯಗಳಲ್ಲಿ ಇದನ್ನು ಆರಂಭಿಸಿ, 2021ರಲ್ಲಿ ದೇಶಕ್ಕೆಲ್ಲ ವಿಸ್ತರಿಸಿತು. ಕವಚದ ಮಾದರಿಗಳು ನೂರಕ್ಕೂ ಮಿಕ್ಕಿರುವುದರಿಂದ ಯಾವ ಲಸಿಕೆಯೂ ಎಲ್ಲವನ್ನೂ ತಡೆಯಲಾರದು. ಆದರೂ ತೀವ್ರ ರೋಗ ತರುವ ಪ್ರಮುಖ ಮಾದರಿಗಳನ್ನು ತಡೆಯಬಲ್ಲದು.

ಮಹಾನಗರದ ಇಕ್ಕಟ್ಟಾದ ಮನೆಗಳಲ್ಲಿ ಮೊಮ್ಮಕ್ಕಳೂ, ಊರಿನಿಂದ ಬಂದ ಅಜ್ಜ ಅಜ್ಜಿಯರೂ ಒಂದೇ ಕೋಣೆಯಲ್ಲಿ ಮಲಗುವುದುಂಟು. ಈ ರೋಗಕ್ಕೆ ಹೆಚ್ಚಾಗಿ ತುತ್ತಾಗುವವರೂ ಈ ಎರಡು ವಯಸ್ಸಿನವರೇ. ಮಗುವಿನ ಲಸಿಕೆಗಳನ್ನು ತಪ್ಪಿಸಬೇಡಿ. ವೃದ್ಧರಿಗೂ, ಮಧುಮೇಹ ಅಥವಾ ಹೃದ್ರೋಗವುಳ್ಳವರಿಗೂ ಲಸಿಕೆ ಬೇಕೇ ಎಂದು ವೈದ್ಯರನ್ನು ವಿಚಾರಿಸಿರಿ. ಜ್ವರದೊಡನೆ ಏದುಸಿರು ಕಂಡರೆ ಕಷಾಯವನ್ನೇ ನೆಚ್ಚಿ ಕಾಲಹರಣ ಮಾಡದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.