ಕೆಲಸದ ನಡುವಣ ಮಾತು: ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಪರಿಸರದ ಗೆಳತಿಯರ ಸಂವಾದ

ಉತ್ತರ ಕರ್ನಾಟಕದ ಹೆಣ್ಣುಮಕ್ಕಳ ಮೌಖಿಕ ಪರಂಪರೆಯನ್ನು ಕುರಿತು ಕನ್ನಡದಲ್ಲಿ ನಡೆದಿರುವ ಅಧ್ಯಯನ ಕಡಿಮೆಯದೇನಲ್ಲ. ಹಲಸಂಗಿ ಗೆಳೆಯರು ‘ಗರತಿಯ ಹಾಡು’ ಸಂಕಲನವನ್ನು ಹೊರತಂದ 1930ರ ದಶಕದಿಂದ ಮೊದಲುಗೊಂಡು, ಬೆಟಗೇರಿ ಕೃಷ್ಣಶರ್ಮ, ಬಿ.ಎಸ್. ಗದ್ದಗಿಮಠ ಮೊದಲಾದವರ ಸಂಗ್ರಹ ಮತ್ತು ಸಂಶೋಧನೆಗಳ ಮೂಲಕ ಬೀಸುವ, ಕುಟ್ಟುವ, ತೂಗುವ ಹಾಡುಗಳು ಹೇರಳವಾಗಿ ದಾಖಲಾಗಿವೆ. 2011ರಲ್ಲಿ ಶಿಗ್ಗಾಂವಿ ತಾಲ್ಲೂಕಿನ ಗೊಟಗೋಡಿಯಲ್ಲಿ ಜಾನಪದಕ್ಕೇ ಮೀಸಲಾದ ವಿಶ್ವವಿದ್ಯಾಲಯವೊಂದು ಸ್ಥಾಪನೆಯಾಯಿತು. ಆದರೂ ಈ ಸಂಗ್ರಹಗಳನ್ನು ಒಟ್ಟಾಗಿ ಓದಿದಾಗ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಅವುಗಳಲ್ಲಿ ಹಾಡು ಉಳಿದಿದೆ. ಎರಡು ಹಾಡುಗಳ ನಡುವೆ ಹೆಂಗಸರು ಆಡಿಕೊಂಡ ಮಾತು ಉಳಿದಿಲ್ಲ. ಹಾಡುತ್ತಿದ್ದವಳು ನಡುವೆ ನಿಲ್ಲಿಸಿ ಎದುರಿನವಳೊಡನೆ ಮಗಳ ಬಾಣಂತನದ ಮಾತನ್ನೋ ಮನೆಯ ಸಾಲದ ಮಾತನ್ನೋ ತೆಗೆದಾಗ ಸಂಗ್ರಾಹಕನ ಲೇಖನಿ ಸುಮ್ಮನಾಗಿದೆ. ‘ಹರಟೆ’, ‘ಹೆಂಗಸರ ಮಾತು’ ಎಂಬ ಶಬ್ದಗಳಿಗೆ ಶಿಷ್ಟ ಬಳಕೆಯಲ್ಲಿ ಅಂಟಿಕೊಂಡಿರುವ ತಾತ್ಸಾರವೂ ಇದಕ್ಕೆ ಒಂದು ಕಾರಣವಾಗಿರಬೇಕು. ಹಾವೇರಿ ಜಿಲ್ಲೆಯ ನಾಲ್ಕು ತಾಲ್ಲೂಕುಗಳ ಪರಿಸರವನ್ನು ಮುಂದಿಟ್ಟುಕೊಂಡು ಈ ಮಾತಿನ ನೆಲೆಗಳನ್ನು ಗುರುತಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಇಂಥ ಮಾತನ್ನು ಗಂಭೀರವಾಗಿ ಪರಿಗಣಿಸಿದ ನಿದರ್ಶನ ಆಫ್ರಿಕನ್-ಅಮೆರಿಕನ್ ಸಾಹಿತ್ಯದಲ್ಲಿ ದೊರೆಯುತ್ತದೆ. ಬಾರ್ಬಡೋಸ್ ದ್ವೀಪದಿಂದ ವಲಸೆ ಬಂದ ತಂದೆತಾಯಿಗಳ ಮಗಳಾಗಿ 1929ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಹುಟ್ಟಿದ ಲೇಖಕಿ ಪಾಲ್ ಮಾರ್ಷಲ್, 1983ರಲ್ಲಿ ಬರೆದ ಪ್ರಬಂಧವೊಂದರಲ್ಲಿ ತನ್ನ ತಾಯಿಯನ್ನೂ ಆಕೆಯ ಗೆಳತಿಯರನ್ನೂ ‘ಅಡುಗೆಮನೆಯ ಕವಿಗಳು’ ಎಂದು ಕರೆದಿದ್ದಾಳೆ. ಹಗಲೆಲ್ಲ ಬಿಳಿಯರ ಮನೆಗಳ ನೆಲ ಒರೆಸಿ ಬಂದ ಈ ಕಪ್ಪು ಹೆಂಗಸರು ಸಂಜೆಯ ಮುನ್ನ ಒಬ್ಬರ ಅಡುಗೆಮನೆಯ ಮೇಜಿನ ಸುತ್ತ ಕೂಡುತ್ತಿದ್ದರು. ಒಡತಿಯರ ನಡವಳಿಕೆ, ಕೂಲಿ, ಮಕ್ಕಳು, ಊರಿನ ನೆನಪು, ಯುದ್ಧ, ರಾಜಕಾರಣ ಎಲ್ಲವೂ ಅಲ್ಲಿ ಚರ್ಚೆಗೆ ಬರುತ್ತಿದ್ದವು. ಮೂಲೆಯಲ್ಲಿ ಕುಳಿತು ಕೇಳಿಸಿಕೊಂಡ ಹುಡುಗಿಗೆ ಅದೇ ಮೊದಲ ಭಾಷಾ ಪಾಠಶಾಲೆಯಾಯಿತು. ಕಪ್ಪು ವರ್ಣ, ಹೆಣ್ಣುತನ, ಪರದೇಶಿತನ ಎಂಬ ಮೂರು ಕಾರಣಗಳಿಂದ ಯಾರ ಕಣ್ಣಿಗೂ ಬೀಳದಿದ್ದ ಈ ಹೆಂಗಸರು ಮಾತಿನಲ್ಲಿ ಮಾತ್ರ ತಮ್ಮ ಬದುಕಿನ ಯಜಮಾನಿಕೆಯನ್ನು ತಾವೇ ವಹಿಸಿಕೊಂಡಿದ್ದರು ಎಂಬುದು ಆ ಪ್ರಬಂಧದಿಂದ ತಿಳಿದುಬರುವ ಸಂಗತಿ.

ಬ್ರೂಕ್ಲಿನ್‌ನ ಉದಾಹರಣೆಯನ್ನು ಹಾವೇರಿ ಸೀಮೆಗೆ ನೇರವಾಗಿ ಅನ್ವಯಿಸಲು ಬರುವುದಿಲ್ಲ. ಅಲ್ಲಿ ಮಾತು ಕೆಲಸ ಮುಗಿದ ಮೇಲಿನದು. ಇಲ್ಲಿ ಹೆಣ್ಣಿಗೆ ‘ಕೆಲಸ ಮುಗಿದ ಮೇಲೆ’ ಎಂಬ ಹೊತ್ತೇ ಇರಲಿಲ್ಲ. ಕೈ ಖಾಲಿ ಇಟ್ಟುಕೊಂಡು ಕಟ್ಟೆಯ ಮೇಲೆ ಕೂಡುವ ಹಕ್ಕು ಗಂಡಸಿನದು. ಹೆಣ್ಣು ಹಾಗೆ ಕುಳಿತರೆ ಅದು ಅತ್ತೆಯ ಬಾಯಿಗೆ ಆಹಾರ. ಆದ್ದರಿಂದ ಇಲ್ಲಿಯ ಗೆಳತಿಯರ ಮಾತು ಕೆಲಸದ ಮರೆಯಲ್ಲಿಯೇ ಬೆಳೆಯಿತು. ಬೀಸುವ ಕಲ್ಲಿಗೆ ಇಬ್ಬರು ಎದುರುಬದುರು ಕೂಡಬೇಕು, ಒಂದೇ ಗೂಟವನ್ನು ಇಬ್ಬರೂ ಹಿಡಿಯಬೇಕು, ನಸುಕಿನಲ್ಲಿ ಮನೆಯ ಉಳಿದವರು ಮಲಗಿರಬೇಕು. ಗುಟ್ಟಿನ ಮಾತಿಗೆ ಇದಕ್ಕಿಂತ ತಕ್ಕ ಏರ್ಪಾಡು ಬೇರೆ ಇಲ್ಲ. ಕಲ್ಲಿನ ಸಪ್ಪಳ ಮಾತನ್ನು ಮುಚ್ಚುತ್ತಿತ್ತು. ಹಿಟ್ಟಿನ ಗಿರಣಿ ಬಂದಾಗ ರಟ್ಟೆಗೆ ವಿಶ್ರಾಂತಿ ದೊರೆತದ್ದು ನಿಜ. ಬೀಸುವ ಹಾಡು ಅಳಿಯಿತೆಂದು ಜಾನಪದ ವಿದ್ವಾಂಸರು ಮರುಗಿದ್ದೂ ಸಹಜವೇ. ಆದರೆ ಮಾತು ಅಳಿಯಲಿಲ್ಲ, ಬೇರೆ ಕೆಲಸದ ಆಸರೆ ಹುಡುಕಿಕೊಂಡು ಹೋಯಿತು. ಹಾಡಿನ ಅವಸಾನವನ್ನೇ ಅಭಿವ್ಯಕ್ತಿಯ ಅವಸಾನವೆಂದು ಭಾವಿಸಿದ್ದರಿಂದ ಈ ಸ್ಥಳಾಂತರ ಅಧ್ಯಯನಕಾರರ ಗಮನಕ್ಕೆ ಬರಲಿಲ್ಲ.

ಮಾತು ಹೋದ ಕಡೆಗಳಲ್ಲಿ ಮುಖ್ಯವಾದುದು ಹತ್ತಿಯ ಹೊಲ. 1972ರಲ್ಲಿ ಧಾರವಾಡದ ಕೃಷಿ ಸಂಶೋಧನಾ ಕೇಂದ್ರದಿಂದ ವರಲಕ್ಷ್ಮಿ ಎಂಬ ಸಂಕರ ತಳಿ ಬಿಡುಗಡೆಯಾದ ನಂತರ ಸಂಕರ ಬೀಜೋತ್ಪಾದನೆ ಈ ಭಾಗದಲ್ಲಿ ವ್ಯಾಪಕವಾಯಿತು. ಹಿರೇಕೆರೂರು ಮತ್ತು ನೆರೆಯ ರಾಣೇಬೆನ್ನೂರು ಸೀಮೆಗಳು ಬೀಜೋತ್ಪಾದನೆಗೆ ಹೆಸರಾದವು. ಜನ ಇದನ್ನು ‘ಕ್ರಾಸಿಂಗ್ ಕೆಲಸ’ ಎಂದೇ ಕರೆಯುತ್ತಾರೆ. ಮರುದಿನ ಅರಳಲಿರುವ ಮೊಗ್ಗಿನ ಎಸಳು ಮತ್ತು ಕೇಸರಗಳನ್ನು ಹಿಂದಿನ ಮಧ್ಯಾಹ್ನವೇ ಉಗುರಿನಿಂದ ಬಿಡಿಸಿ ತೆಗೆಯಬೇಕು. ಬೆಳಗಾದ ಮೇಲೆ ಗಂಡು ಗಿಡದ ಹೂವನ್ನು ತಂದು ಅದಕ್ಕೆ ಮುಟ್ಟಿಸಬೇಕು. ಹೂವಿನ ಕಾಲ ಮುಗಿಯುವವರೆಗೆ ಬಿಡುವಿಲ್ಲದ, ಸೂಕ್ಷ್ಮವಾದ ಈ ಕೆಲಸಕ್ಕೆ ಹೆಂಗಸರ, ಹುಡುಗಿಯರ ಬೆರಳುಗಳೇ ಬೇಕಾದವು. ಶಾಲೆ ಬಿಟ್ಟ ಹುಡುಗಿಯರು ಸಾಲಿನಲ್ಲಿ ನಿಂತದ್ದು ಈ ಬೆಳೆಯ ಚರಿತ್ರೆಯ ಕಹಿ ಭಾಗ. ಆದರೆ ಅದೇ ಸಾಲುಗಳಲ್ಲಿ ಹಿಂದೆಂದೂ ಇಲ್ಲದ ಒಂದು ಕೂಟವೂ ಏರ್ಪಟ್ಟಿತು. ಬೀಸುವ ಕಲ್ಲಿನ ಮುಂದೆ ಇಬ್ಬರಿದ್ದರೆ ಇಲ್ಲಿ ಹತ್ತಿಪ್ಪತ್ತು ಮಂದಿ. ಅತ್ತೆ-ಸೊಸೆ ಎಂಬ ಮನೆಯ ಕ್ರಮ ಇಲ್ಲಿಲ್ಲ, ಇರುವುದು ಕೂಲಿಯ ಕ್ರಮ. ಯಾವ ಹೊಲದಲ್ಲಿ ಎಷ್ಟು ಪಗಾರ, ಯಾರ ಮಗಳು ಎಸ್ಸೆಸ್ಸೆಲ್ಸಿ ಮುಗಿಸಿ ಕಾಲೇಜಿಗೆ ಹೊರಟಳು, ಯಾರ ಗಂಡ ಕುಡಿತ ಬಿಟ್ಟ ಎಂಬ ಸುದ್ದಿಗಳು ಸಾಲಿನಿಂದ ಸಾಲಿಗೆ ದಾಟುತ್ತವೆ. ಹಾನಗಲ್ಲ ಕಡೆಯ ಭತ್ತದ ಗದ್ದೆಯಲ್ಲಿ ಕಳೆ ತೆಗೆಯುವಾಗಲೂ, ಒಣ ಮೆಣಸಿನಕಾಯಿಯ ತೊಟ್ಟು ಬಿಡಿಸುವಾಗಲೂ ಇದೇ ಬಗೆಯ ಸಂವಾದ ನಡೆಯುತ್ತದೆ. ವಿಶೇಷವಾಗಿ ಮೆಣಸಿನಕಾಯಿಯ ರಾಶಿಯ ಸುತ್ತ, ಸೆರಗನ್ನು ಮೂಗಿಗೆ ಅಡ್ಡ ಕಟ್ಟಿಕೊಂಡು ದುಂಡಗೆ ಕೂಡುವ ಹೆಂಗಸರ ಗುಂಪು ಮಾರ್ಷಲ್ ಬಣ್ಣಿಸಿದ ಮೇಜಿಗೆ ಅತ್ಯಂತ ಸಮೀಪದ್ದು.

ಈ ಮಾತಿನ ಸಂಬೋಧನೆಗಳನ್ನು ಗಮನಿಸಬೇಕು. ‘ಗೆಳತಿ’ ಎಂಬುದು ಹಾಡಿನಲ್ಲಿ ಧಾರಾಳವಾಗಿ ಬರುವ ಶಬ್ದ. ಎದುರಿಗಿರುವವಳನ್ನು ಕರೆಯಲು ಅದರ ಬಳಕೆ ವಿರಳ. ‘ಯಕ್ಕಾ’, ‘ಯವ್ವಾ’, ‘ತಂಗೀ’, ‘ವೈನಿ’ ಎಂದೇ ಕರೆಯುತ್ತಾರೆ. ನವಾಬರ ಸಂಸ್ಥಾನವಾಗಿದ್ದ ಸವಣೂರಿನಲ್ಲಿ ‘ಆಪಾ’ ಎಂಬುದೂ ಸೇರಿಕೊಳ್ಳುತ್ತದೆ. ಹೀಗೆ ಸ್ನೇಹವು ಬಂಧುತ್ವದ ಹೆಸರು ತೊಟ್ಟುಕೊಂಡು ನಡೆಯುತ್ತದೆ. ಮದುವೆಯಾಗಿ ಬಂದವಳಿಗೆ ಗಂಡನ ಊರಿನಲ್ಲಿ ವಾರಿಗೆಯವರು ಇರುವುದಿಲ್ಲ. ಅವರು ತವರಿನಲ್ಲಿ ಉಳಿದಿರುತ್ತಾರೆ, ಇಲ್ಲವೆ ಅವರೂ ಬೇರೆ ಊರುಗಳಿಗೆ ಹೋಗಿರುತ್ತಾರೆ. ನಾಗರಪಂಚಮಿಗೆ ಅಣ್ಣ ಬಂದು ಕರೆದೊಯ್ದರೆ ಉಂಡಿಯ ಡಬ್ಬಿ, ಜೋಕಾಲಿಗಳ ನಡುವೆ ವರ್ಷಕ್ಕೊಮ್ಮೆ ಅವರ ಭೇಟಿ. ಉಳಿದ ದಿನಗಳಿಗೆ ಗಂಡನ ಊರಿನಲ್ಲಿ ಗೆಳೆತನವನ್ನು ಹೊಸದಾಗಿ ಕಟ್ಟಿಕೊಳ್ಳಬೇಕು, ಅದಕ್ಕೊಂದು ನಂಟಿನ ಹೆಸರು ಬೇಕು. ಶಿಗ್ಗಾಂವಿ ತಾಲ್ಲೂಕಿನವನೇ ಆದ ಶಿಶುನಾಳ ಶರೀಫ (1819-1889) ತನ್ನ ತತ್ವಪದಗಳಲ್ಲಿ ಮತ್ತೆ ಮತ್ತೆ ‘ತಂಗಿ’ಯನ್ನು ಕರೆಯುವಾಗ ಈ ಜೀವಂತ ಸಂಬೋಧನೆಯನ್ನೇ ಎತ್ತಿಕೊಂಡಿದ್ದಾನೆ. ತತ್ವಪದದ ಅಧ್ಯಯನಗಳು ಆ ಸಂಬೋಧನೆಯ ಅನುಭಾವಿಕ ಅರ್ಥವನ್ನು ವಿಸ್ತಾರವಾಗಿ ಬಿಡಿಸಿವೆ. ಬಾವಿಕಟ್ಟೆಯ ಮೂಲವನ್ನು ಅಷ್ಟಾಗಿ ವಿಚಾರಿಸಿಲ್ಲ.

ಇನ್ನೊಂದು ಶಬ್ದ ‘ಗಟ್ಟಿ’. ‘ಗಟ್ಟಿ ಆಗಬೇಕವಾ’ ಎಂಬುದು ಕಷ್ಟ ಹೇಳಿಕೊಂಡವಳಿಗೆ ಗೆಳತಿ ಕೊಡುವ ಮರುಮಾತು. ಅಳು ಬಂದರೂ ಅಳದಿರುವುದು ಎಂಬಷ್ಟಕ್ಕೇ ಇದರ ಅರ್ಥ ನಿಲ್ಲುವುದಿಲ್ಲ. ಬ್ಯಾಂಕಿನಲ್ಲಿ ನಿಂತು ಮಾತಾಡುವುದು, ಮಗಳ ಮದುವೆಯನ್ನು ಎರಡು ವರ್ಷ ಮುಂದಕ್ಕೆ ಹಾಕಿಸುವುದು, ಕೂಲಿ ಲೆಕ್ಕದಲ್ಲಿ ಬಿಟ್ಟುಹೋದ ದಿನವನ್ನು ಕೇಳಿ ಪಡೆಯುವುದು ಎಲ್ಲವೂ ಆ ಒಂದು ಶಬ್ದದೊಳಗಿವೆ. 2000ದಿಂದೀಚೆಗೆ ಸ್ತ್ರೀಶಕ್ತಿ ಮೊದಲಾದ ಸ್ವಸಹಾಯ ಸಂಘಗಳ ತರಬೇತಿಗಳಲ್ಲಿ ‘ವ್ಯಕ್ತಿತ್ವ ವಿಕಸನ’ ಎಂಬ ಪದ ಹಳ್ಳಿಗೆ ಬಂದಿತು. ಅದು ಭಾಷಣದಲ್ಲಿ ಉಳಿಯಿತು, ‘ಗಟ್ಟಿ’ ಬಾಯಲ್ಲಿ ಉಳಿಯಿತು.

ಮಾತಿಗೆ ಆಸರೆಯಾದ ಮತ್ತೊಂದು ಕೆಲಸ ಕೌದಿ. ಬೇಸಗೆಯಲ್ಲಿ ಹಳೆಯ ಸೀರೆ, ಧೋತರಗಳನ್ನು ಪದರಪದರವಾಗಿ ಹಾಸಿ, ನಾಲ್ಕು ದಿಕ್ಕಿನಿಂದ ನಾಲ್ವರು ಕುಳಿತು ಹೊಲಿಯುವಾಗ ಪ್ರತಿ ಅರಿವೆಯ ತುಂಡಿಗೂ ಒಂದು ಕಥೆ ಏಳುತ್ತದೆ. ಹಾನಗಲ್ಲ ಮತ್ತು ಶಿಗ್ಗಾಂವಿಗೆ ತಾಗಿಕೊಂಡಿರುವ ಮುಂಡಗೋಡ ತಾಲ್ಲೂಕಿನಲ್ಲಿ, ಅದರಾಚೆಗೆ ಯಲ್ಲಾಪುರ, ಹಳಿಯಾಳಗಳಲ್ಲಿ ಆಫ್ರಿಕಾ ಮೂಲದ ಸಿದ್ದಿ ಜನರಿದ್ದಾರೆ. ಗುಲಾಮರಾಗಿ ತರಲ್ಪಟ್ಟ ಪೂರ್ವಜರ ಸಂತತಿಯಾದ ಇವರಿಗೆ ಉತ್ತರ ಕನ್ನಡದಲ್ಲಿ 2003ರಲ್ಲಿ ಪರಿಶಿಷ್ಟ ಪಂಗಡದ ಮಾನ್ಯತೆ ದೊರೆಯಿತು. ಸಿದ್ದಿ ಹೆಂಗಸರು ಹೊಲಿಯುವ ಕೌದಿಗೆ ‘ಕವಂದಿ’ ಎಂದು ಹೆಸರು. ಮೂಲೆಗಳಲ್ಲಿ ‘ಫುಲಾ’ ಎಂಬ ಮಡಿಸಿದ ತ್ರಿಕೋನ ತುಂಡು ಕೂಡಿಸಿದ ಮೇಲೆಯೇ ಅದು ಪೂರ್ಣವಾದಂತೆ. ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಅವರ ಅಧ್ಯಯನದಿಂದ ಈ ಕೌದಿಗಳು ಹೊರದೇಶದ ಪ್ರದರ್ಶನಗಳನ್ನೂ ತಲುಪಿದವು. ಹಾಡಿಗಾದದ್ದೇ ಇಲ್ಲಿಯೂ ಆಯಿತು: ಕೌದಿ ಸಂಗ್ರಹಾಲಯಕ್ಕೆ ಹೋಯಿತು, ಹೊಲಿಯುತ್ತ ಆಡಿದ ಮಾತು ಅಂಗಳದಲ್ಲೇ ಉಳಿಯಿತು.

ಮಾತಿನ ಈ ನೆಲೆಗಳನ್ನು ಕೇವಲ ಸಾಂತ್ವನದ ತಾಣಗಳೆಂದು ತಿಳಿಯುವುದು ತಪ್ಪಾದೀತು. ಸಂಘ ಸೇರುವ ದಿನ ಕಂತಿನ ದಿನವೂ ಹೌದು. ಒಬ್ಬಳು ಕಟ್ಟದಿದ್ದರೆ ಉಳಿದವರು ಹೊಣೆಯಾಗಬೇಕೆಂಬ ನಿಯಮ, ನಿನ್ನೆಯ ಗೆಳತಿಯನ್ನು ಇಂದಿನ ವಸೂಲಿಗಾರಳನ್ನಾಗಿಸುವ ಬಲವುಳ್ಳದ್ದು. ಸಾಲದ ಮಾತು ಬಂದಾಗ ಹೆಂಗಸರು ಮೌನವಾಗತೊಡಗಿದ್ದು ಈ ನಿಯಮದಿಂದ. ಆ ಮೌನ ಮುರಿದದ್ದೂ ಇದೇ ಜಿಲ್ಲೆಯಲ್ಲಿ. ಮೈಕ್ರೋಫೈನಾನ್ಸ್ ವಸೂಲಿಯ ಕಿರುಕುಳ ತಾಳದೆ 2025ರ ಜನವರಿಯಲ್ಲಿ ಹಾವೇರಿ ಜಿಲ್ಲೆಯ ಮಹಿಳೆಯರು ಮಾಂಗಲ್ಯವನ್ನೇ ಅಂಚೆಯ ಮೂಲಕ ಮುಖ್ಯಮಂತ್ರಿಗೆ ಕಳುಹಿಸಿದರು; ಫೆಬ್ರವರಿಯಲ್ಲಿ ರಾಜ್ಯ ಸರ್ಕಾರದ ಸುಗ್ರೀವಾಜ್ಞೆ ಬಂದಿತು. ಒಬ್ಬೊಬ್ಬಳ ಮನೆಯ ಅವಮಾನವಾಗಿದ್ದುದು ಹಲವರದೆಂದು ತಿಳಿಯಬೇಕಾದರೆ ಮೊದಲು ಯಾರೋ ಒಬ್ಬಳು ಇನ್ನೊಬ್ಬಳ ಮುಂದೆ ಬಾಯಿ ತೆರೆದಿರಲೇಬೇಕು.

2023ರ ಜೂನ್‌ನಲ್ಲಿ ಮಹಿಳೆಯರಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ ಜಾರಿಗೆ ಬಂದ ಮೇಲೆ ಸಂತೆಗೂ ತವರಿಗೂ ಹೋಗುವ ಬಸ್ಸು ಇನ್ನೊಂದು ನೆಲೆಯಾಗಿದೆ. ಪಂಚಮಿಯನ್ನು ಕಾಯದೆ ವಾರಿಗೆಯವರನ್ನು ಕಂಡುಬರಲು ಇದು ದಾರಿ ಮಾಡಿತು. ಕೈಯಲ್ಲಿ ಕೆಲಸವಿಲ್ಲದೆ ಹೆಂಗಸರು ಜೊತೆಗೆ ಕುಳಿತು ಮಾತಾಡುವ ದೃಶ್ಯ ಈ ಸೀಮೆಗೆ ಬಹುಮಟ್ಟಿಗೆ ಹೊಸದು.

ಈ ಮಾತನ್ನು ದಾಖಲಿಸುವ ಬಗೆ ಮಾತ್ರ ಸುಲಭದ್ದಲ್ಲ. ಹಾಡಿನಲ್ಲಿ ಯಾರ ಹೆಸರೂ ಇಲ್ಲ. ಅದರ ಗಂಡ ಎಲ್ಲರ ಗಂಡ, ಅದರ ಅತ್ತೆ ಎಲ್ಲರ ಅತ್ತೆ. ಮಾತಿನಲ್ಲಿ ಹೆಸರಿದೆ, ಓಣಿಯಿದೆ, ನಿನ್ನೆ ರಾತ್ರಿಯ ಜಗಳವಿದೆ. ಹೊರಗಿನವನು ಹತ್ತಿರ ಬಂದೊಡನೆ ಗುಂಪಿನ ಮಾತು ತಗ್ಗುತ್ತದೆ, ವಿಷಯ ಬದಲಾಗುತ್ತದೆ. ಬಂದವನು ಪುಸ್ತಕ ತೆರೆದು ಕುಳಿತರೆ ಅವನಿಗೊಂದು ಹಾಡು ಹೇಳುತ್ತಾರೆ. ಒಂದು ಶತಮಾನದ ಸಂಗ್ರಹಗಳಲ್ಲಿ ಹಾಡೇ ತುಂಬಿಕೊಂಡಿರುವುದರ ಹಿಂದೆ ಸಂಗ್ರಾಹಕರ ಅಭಿರುಚಿಯಷ್ಟೇ ಹೇಳುವವರ ಆಯ್ಕೆಯೂ ಕೆಲಸ ಮಾಡಿರುವ ಸಾಧ್ಯತೆಯಿದೆ.