ರಕ್ತದ ಕೊಬ್ಬಿಗೆ ಕಡಿವಾಣ: ಹದಿಹರೆಯದವರ ಮನೆಗೆ ಏಳು ಸೂತ್ರ

ಬೆಳಗಾವಿಯ ಟಿಳಕವಾಡಿಯಿರಲಿ, ಖಾನಾಪುರದ ಹಳ್ಳಿಯಿರಲಿ, ಮಕ್ಕಳು ದಪ್ಪಗಾದರೆ ಎಲ್ಲರೂ ಬೈಯುವುದು ಎಣ್ಣೆಯನ್ನೇ. ಸಕ್ಕರೆ, ನಿದ್ದೆಗೇಡು, ಕೂತಲ್ಲೇ ಕೂರುವ ರೂಢಿಯೂ ರಕ್ತದ ಕೊಬ್ಬನ್ನು ಏರಿಸುತ್ತವೆ. ಇವನ್ನು ತಿದ್ದಿದರೆ ತೂಕ ಹೆಚ್ಚು ಇಳಿಯದಿದ್ದರೂ ರಕ್ತ ಸುಧಾರಿಸಬಲ್ಲದು.

1. ಟೇಪು ಹಿಡಿಯಿರಿ. ಸೊಂಟದ ಸುತ್ತಳತೆ ಎತ್ತರದ ಅರ್ಧಕ್ಕಿಂತ ಕಡಿಮೆ ಇರಲಿ: 160 ಸೆಂ.ಮೀ. ಎತ್ತರಕ್ಕೆ 80 ಸೆಂ.ಮೀ. ಗಡಿ. ಕತ್ತಿನ ಹಿಂದೆ ಚರ್ಮ ಕಪ್ಪಾಗಿ ದಪ್ಪಗಾಗಿದ್ದರೆ ಅದು ಕೊಳೆಯಲ್ಲ, ಇನ್ಸುಲಿನ್ ಸರಿಯಾಗಿ ಕೆಲಸ ಮಾಡದ ಸುಳಿವಿರಬಹುದು.

2. ರಿಪೋರ್ಟು ಸರಿಯಾಗಿ ಓದಿ. ರಕ್ತದ ಕೊಬ್ಬಿನ ಒಂದು ಬಗೆಯಾದ ಟ್ರೈಗ್ಲಿಸರೈಡ್‌ಗೆ ದೊಡ್ಡವರ ಗಡಿ 150. 10ರಿಂದ 19 ವರ್ಷದವರಿಗೆ 90ರೊಳಗಿದ್ದರೆ ಒಳ್ಳೆಯದು, 130 ಮುಟ್ಟಿದರೆ ಹೆಚ್ಚು. ಬಿಮ್ಸ್ ಅಥವಾ ಕೆಎಲ್‌ಇ ಆಸ್ಪತ್ರೆಯ ಮಕ್ಕಳ ವಿಭಾಗದಲ್ಲಿ ತೋರಿಸಿ.

3. ಸಿಹಿಗೆ ದಿನ ಗೊತ್ತುಮಾಡಿ. ಸಕ್ಕರೆ ಮಿತಿಮೀರಿದರೆ ಯಕೃತ್ತು ಅದರಿಂದಲೇ ಪಾಮಿಟಿಕ್ ಆಮ್ಲವೆಂಬ ಕೊಬ್ಬು ತಯಾರಿಸಿ ರಕ್ತಕ್ಕೆ ಬಿಡುತ್ತದೆ. ಹಬ್ಬಕ್ಕೊಮ್ಮೆ ತಿನ್ನುವ ಕುಂದಾಕ್ಕಿಂತ ದಿನಾ ಕುಡಿಯುವ ತಂಪು ಪಾನೀಯ, ಚಹಾ ಜೊತೆಗಿನ ಬಿಸ್ಕಿಟ್ ಹೆಚ್ಚು ಕೆಡಿಸುತ್ತವೆ.

4. ಕಾಸಿದ ಎಣ್ಣೆ ಮತ್ತೆ ಕಾಸಬೇಡಿ. ಆಹಾರದ ಎಣ್ಣೆ-ಕೊಬ್ಬಿನಲ್ಲಿ ಟ್ರಾನ್ಸ್ ಕೊಬ್ಬು ಶೇ 2 ಮೀರಬಾರದೆಂಬ ನಿಯಮ 2022ರಿಂದ ಇದೆ. ಆದರೆ ಮಿರ್ಚಿ ಕರಿದ ಬಾಣಲೆಯನ್ನು ದಿನವಿಡೀ ಯಾರು ಅಳೆಯುತ್ತಾರೆ? ಮನೆಯಲ್ಲಿ ಶೇಂಗಾ, ಕುಸುಬಿ ಎಣ್ಣೆ ಚಮಚದ ಲೆಕ್ಕದಲ್ಲಿರಲಿ.

5. ರೊಟ್ಟಿಗೆ ಅಗಸಿ ಹಿಂಡಿ. ಅಗಸಿ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಒಮೆಗಾ-3. ದೇಹ ಅದರಲ್ಲಿ ಸ್ವಲ್ಪವನ್ನಷ್ಟೇ ಮೀನಿನ ಬಗೆಯ ಒಮೆಗಾ-3 ಆಗಿ ಬದಲಿಸಿಕೊಳ್ಳುತ್ತದೆ. ಮೀನು ತಿನ್ನುವವರು ಬಂಗಡೆ ಸಾರು ಮಾಡಲಿ, ಕರಿಯುವುದು ಬೇಡ.

6. ದಿನಕ್ಕೆ 60 ನಿಮಿಷ ಬೆವರು, ರಾತ್ರಿ ಕನಿಷ್ಠ 8 ತಾಸು ನಿದ್ದೆ. ದುಡಿಯುವ ಸ್ನಾಯು ರಕ್ತದ ಕೊಬ್ಬನ್ನೇ ಉರುವಲು ಮಾಡಿಕೊಳ್ಳುತ್ತದೆ. ವ್ಯಾಕ್ಸಿನ್ ಡಿಪೊ ಮೈದಾನದಲ್ಲಿ ಓಟ, ಶಾಲೆಗೆ ಸೈಕಲ್. ಖಾನಾಪುರದ ಮಳೆ ಬಿಡದಿದ್ದರೆ ಪಡಸಾಲೆಯಲ್ಲೇ ಹಗ್ಗದ ಜಿಗಿತ. ಮಲಗುವಾಗ ಮೊಬೈಲು ಅಡುಗೆಮನೆಯಲ್ಲಿರಲಿ.

7. ಹಂಗಿಸಬೇಡಿ, ಉಪವಾಸ ಕೆಡವಬೇಡಿ. ‘ಡುಮ್ಮ’ ಎನಿಸಿಕೊಂಡ ಹುಡುಗ ಕದ್ದು ತಿನ್ನುತ್ತಾನೆ. ಊಟ ಬಿಟ್ಟ ಹುಡುಗಿ ಸಂಜೆ ಎರಡರಷ್ಟು ತಿನ್ನುತ್ತಾಳೆ. ಅವರಿಗೊಂದು ಅಡುಗೆ, ಉಳಿದವರಿಗೊಂದು ಅಡುಗೆ ಬೇಡ. ಅಪ್ಪ ಸಕ್ಕರೆ ಬಿಟ್ಟ ಚಹಾ ಕುಡಿದರೆ ಮಕ್ಕಳೂ ಕಲಿಯುತ್ತಾರೆ.